ಮನೆಯವರ ನಡುವೆ ಬೀಗ

ಮಾರ್ಚ್ 4
ಮತ್ತೆ ಹಿಟ್ಟು ನಾದುವ ಮಿಶಿನ್ ತೊಳೆಯುವ ಕೆಲಸ. ಬ್ರೆಡ್ ಫ್ಯಾಕ್ಟರಿ ಸೇರಿ ವರ್ಷವಾದರೂ ಆ ಡ್ರಮ್ಮಿನ ಬಾಯಿ ಕಂಡರೆ ಮೈ ಜುಮ್ಮೆನ್ನುತ್ತದೆ. ಒಳಗಿನ ಅಲಗುಗಳು ನನ್ನ ತೋಳಿಗಿಂತ ದಪ್ಪ. ಒಳಗೆ ಇಳಿಯುವವರು ಮೇನ್ ಸ್ವಿಚ್ಚಿಗೆ ಬೀಗ ಹಾಕಿ, ಕೀಲಿ ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳಬೇಕು — ರೂಲ್ಸು. ನನ್ನ ಜೊತೆಗೇ ಕೆಲಸ ಮಾಡುವ ನಾದಿನಿ ಬೀಗ ಹಾಕದೆ ಇಳಿದಳು.

“ಹೊರಗೆ ನೀವೇ ನಿಂತಿದ್ದೀರಲ್ಲ ಅತ್ತಿಗೆ. ಮನೆಯವರ ನಡುವೆ ಎಂಥ ಬೀಗ?”

ಮದುವೆಯಾಗಿ ಬಂದಾಗಿನಿಂದ ಹಾವು-ಮುಂಗುಸಿ ನಾವು. ಈಗೀಗ ಸಲಿಗೆ. ಬೇಡ ಅನ್ನಲು ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ, ಹಿಗ್ಗಿದೆ.

ಮಾರ್ಚ್ 7
ನಿದ್ದೆ ಬರುತ್ತಿಲ್ಲ. ಬರೆದರಾದರೂ ಬಂದೀತು...

ಇವತ್ತೂ ಬೀಗವಿಲ್ಲ. ಅವಳು ಒಳಗೆ. ಏನೋ ಯೋಚಿಸುತ್ತ ನಿಂತಿದ್ದೆ. ಸೂಪರ್‌ವೈಸರ್ ಆ ಕಡೆಯಿಂದ ಕೂಗಿದರು — “ಇನ್ನೂ ಆಗಿಲ್ವೇನಮ್ಮಾ? ಶುರು ಮಾಡಿ!”

ಬೆರಳು ಮಿಶಿನ್ ಶುರುಮಾಡುವ ಹಸಿರು ಗುಂಡಿಯ ಮೇಲಿತ್ತು. ಒಳಗೆ ಅವಳು ಸೀನಿದಳು.

ಸೀನಿದರೆ ಹಿಡಿದ ಕೆಲಸ ಕೆಡುತ್ತದಂತೆ. ಕೆಟ್ಟದ್ದೇ ಒಳ್ಳೆಯದಾಯಿತು.

“ಹಾಳು ಹಿಟ್ಟಿನ ಧೂಳು” ಎಂದು ನಗುತ್ತಾ ಹೊರಬಂದಳು. ನಾನೂ ನಕ್ಕೆ. ಹೇಳಲಿಲ್ಲ.

ಮಾರ್ಚ್ 8
ಬೀಗ ಹಾಕು ಎಂದೆ. ಮುಖ ಊದಿಸಿಕೊಂಡಳು.

“ನಿಮ್ಮನ್ನ ನಂಬಿದ್ದೇ ತಪ್ಪಾಯ್ತಾ?”

“ನನ್ನನ್ನ ನಂಬು. ನನ್ನ ಕೈನ ನಂಬಬೇಡ.” ನಿನ್ನೆಯದನ್ನು ಹೇಳಿಬಿಟ್ಟೆ.

ಅವಳ ಮುಖದಲ್ಲಿ ರಕ್ತವೇ ಇಲ್ಲ. ಬೀಗ ಹಾಕಿದಳು. ಆಮೇಲೆ ಮಾತಿಲ್ಲ. ಮನೆಯಲ್ಲಿ ತನ್ನ ಅಣ್ಣನ ಹತ್ತಿರ ಅಂದಳು — “ಅತ್ತಿಗೆ ನನ್ನ ಸಾಯಿಸ್ತಿದ್ರು.” ನಮ್ಮ ಯಜಮಾನರು ತಮಾಷೆ ಎಂದುಕೊಂಡು ನಕ್ಕರು. ಅವಳು ನಗಲಿಲ್ಲ.

ಮಾರ್ಚ್ 19
ಒಳಗಿಳಿಯುವ ಸರದಿ ನನ್ನದು. ಹೊರಗೆ ಅವಳು — ಇಷ್ಟು ದಿನ ಮಾತು ಬಿಟ್ಟವಳು. ಬೀಗ ಜಗ್ಗಿ ನೋಡಿದೆ. ಜೇಬಿನ ಕೀಲಿ ಮುಟ್ಟಿ ನೋಡಿದೆ. ಅವಳು ನೋಡುತ್ತಿದ್ದಳು. ನೋಡಲಿ.

ಅಲಗುಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಅಂಟಿದ ಹಿಟ್ಟು ಕೆರೆಯುತ್ತಿದ್ದೆ. ಹೊರಗೆ — ಟಕ್. ಗುಂಡಿ ಒತ್ತಿದ ಸದ್ದು.

ಕಣ್ಣು ಮುಚ್ಚಿದೆ.

ಅಲಗು ಅಲುಗಲಿಲ್ಲ.

ಹೇಗೆ ಹತ್ತಿ ಬಂದೆನೋ. ಅವಳು ಗೋಡೆಗೊರಗಿ ಕುಸಿದು ಕೂತಿದ್ದಳು. “ಗೊತ್ತಾಗ್ಲಿಲ್ಲ ಅತ್ತಿಗೆ... ಫೋನಲ್ಲಿ ಮಾತಾಡ್ತಾ... ಕೈ ತಾನೇ ಹೋಯ್ತು.”

ಬೇಕೆಂದೇ ಒತ್ತಿದಳೇ? ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಹುಳ ಕೊರೆಯಿತು. ಆದರೆ ನನ್ನ ಕೈಯೂ ಹಾಗೇ ಹೋಗಿತ್ತಲ್ಲ. ನನಗೆ ಅವಳ ಮೇಲೆ ದ್ವೇಷವಿತ್ತೇ? ಇರಲಿಲ್ಲ. ಅದೇ ಹೆದರಿಕೆ — ಪ್ರೀತಿಯಿದ್ದರೂ ಕೈ ಹೋಗುತ್ತದೆ.

ಅದೇ ದಿನ, ಸಂಜೆ
ಇಬ್ಬರೂ ಏನೂ ತಿಂದಿಲ್ಲ. ಈಗ ಯಾರೋ ನನ್ನ ಕೋಣೆಯ ಬಾಗಿಲು ತಟ್ಟಿದರು. ಬೆಚ್ಚಿಬಿದ್ದೆ.

“ಒಳಗೆ ಬರ್ಲಾ ಅತ್ತಿಗೆ?”

ಹುಟ್ಟಿ ಬೆಳೆದ ಮನೆ ಅವಳದು. ಯಾವತ್ತೂ ಕೇಳಿ ಬಂದವಳಲ್ಲ. ಇನ್ನೂ ಹೊರಗೇ ನಿಂತಿದ್ದಾಳೆ. ಬಾ ಎನ್ನಬೇಕು. ಎದ್ದು ಹೋಗಿ ನಾನೇ ಬಾಗಿಲು ತೆಗೆಯುತ್ತೇನೆ.