ಎರಡನೇ ದನಿ

ಮಾರ್ಚ್ ೧೪, ಗುರುವಾರ

ನನ್ನ ಮೊದಲ ಸ್ವಂತ ಆಲ್ಬಮ್ಮಿನ ಮೊದಲ ಹಾಡನ್ನೇ ಇವತ್ತು ತಪ್ಪು ಹಾಡಿದೆ. ಶ್ರುತಿ, ತಾಳ ಎಲ್ಲಾ ಸರಿಯಾಗೇ ಇತ್ತು. ರೆಕಾರ್ಡಿಂಗ್ ಮಾಡುವವರು ಹೆಡ್‌ಫೋನ್ ತೆಗೆದು, "ಚೆನ್ನಾಗಿದೆ ಮೇಡಂ, ಆದ್ರೆ ಇದು ಜೊತೆಗೆ ಹಾಡೋ ದನಿ. ಮೇನ್ ದನಿ ಯಾರು ಹಾಡ್ತಾರೆ?" ಅಂದರು.

ನಮ್ಮ ರಾಕ್ ಬ್ಯಾಂಡಿನಲ್ಲಿ ಹನ್ನೊಂದು ವರ್ಷ ಅಣ್ಣನ ದನಿಯ ಕೆಳಗೆ ಹಾಡಿದ ಗಂಟಲು, ನಾನೇ ಬರೆದ ಹಾಡಿನಲ್ಲೂ ಪಕ್ಕಕ್ಕೆ ಸರಿದು ನಿಂತಿತ್ತು. ನಾಚಿಕೆಯಾಯಿತು.

"ಅಳಿಸಿಬಿಡಿ."

"ಇರ್ಲಿ ಬಿಡಿ, ಇದರ ಮೇಲೇ ಹಾಡಿ."

ಹೆಡ್‌ಫೋನಿನಲ್ಲಿ ಆಗಷ್ಟೇ ಹಾಡಿದ್ದನ್ನು ಕೇಳಿಸಿಕೊಳ್ಳುತ್ತಾ, ಕಣ್ಣು ಮುಚ್ಚಿ ಮೇನ್ ದನಿ ಹಾಡಿದೆ. ನೀರು ತೆಪ್ಪವನ್ನು ಎತ್ತುವ ಹಾಗೆ ನನ್ನದೇ ದನಿ ಕೆಳಗಿನಿಂದ ಮೆಲ್ಲಗೆ ನನ್ನನ್ನು ಎತ್ತಿತು. ಮನೆಗೆ ಬಂದು ಮಲಗಿ ಇದನ್ನು ಬರೆಯುವಾಗಲೂ ಮಂಚ ತೇಲುತ್ತಿದೆ. ಅಣ್ಣನಿಗೆ ಇಷ್ಟು ವರ್ಷವೂ ಹೀಗೇ ಆಗುತ್ತಿತ್ತಾ? ಒಂದು ದಿನವೂ ಬಾಯಿಬಿಡಲಿಲ್ಲ, ಕಳ್ಳ.