ಹಿತ್ತಾಳೆ ತೊಳೆಯುವ ಮನೆ

ಸೆಪ್ಟೆಂಬರ್ 14, ಶನಿವಾರ

ಇವತ್ತು ನಾನೂರು ತೊಳೆದೆ. ಗನ್ ಕ್ಲಬ್ಬಿನವರು ಖಾಲಿ ತೋಟಾಗಳ ಎರಡು ಬಕೆಟ್ ಮೆಟ್ಟಿಲ ಮೇಲಿಟ್ಟು ಹೋಗಿದ್ದರು. ಒಳಗೆ ಮಣ್ಣು, ಒಣಹುಲ್ಲು, ಒಂದು ಸತ್ತ ಮಿಡತೆ. ತೋಟಾದ ಬುಡದಲ್ಲಿರುವ ಸುಟ್ಟ ಕೇಪು ಕೀಳುವುದು, ಆಮೇಲೆ ಮದ್ದು ತುಂಬಿ ಗುಂಡು ಕೂರಿಸುವುದು ನನ್ನ ಗಂಡ ವರ್ನ್‌ನ ಕೆಲಸ. ನಡುವಿನ ಕೊಳೆ ಮಾತ್ರ ನನ್ನದು. ಗಂಡಸರ ಹಂಚಿಕೆ ಯಾವಾಗಲೂ ಹೀಗೇ.

ಬಿಸಿನೀರು, ಪಾತ್ರೆ ಸೋಪು, ಚಿಟಿಕೆ ನಿಂಬೆ ಉಪ್ಪು, ಒಂದು ಹಿಡಿ ಉಕ್ಕಿನ ಕಡ್ಡಿ — ಎಲ್ಲ ತುಂಬಿದ ಮೋಟಾರು ಡಬ್ಬಿ ಮೂರು ಗಂಟೆ ಉರುಳಿತು. ಸಿಂಕಿನಲ್ಲಿ ಜರಡಿ ಹಿಡಿದು ಜಾಲಿಸಿ, ಟ್ರೇ ಮೇಲೆ ಹರಡಿ, ಓವನ್ ಸಣ್ಣಗಿಟ್ಟು ಒಣಗಿಸಿದ್ದಾಯಿತು. ಅಂಗಡಿಯ ಹೊಸ ಮಾಲಿನ ಹಾಗೆ ಹೊಳೆಯುತ್ತಿವೆ. ನೋಡಿದರೆ ಈಗಲೂ ಖುಷಿಯಾಗುತ್ತದೆ.

ಮುಂಚೆ ಜೋಳದ ದಿಂಡಿನ ಪುಡಿ ಹಾಕಿ ಒಣದಾಗಿಯೇ ಉರುಳಿಸುತ್ತಿದ್ದೆವು. ಧೂಳೋ ಧೂಳು. ಮಗಳು ಶೆಲ್ಬಿ ಜೈಲಿಗೆ ಹೋಗಿ ಅವಳ ಮಗು ಜುನಿ ನಮ್ಮಲ್ಲಿಗೆ ಬಂದ ದಿನವೇ ಅದನ್ನು ನಿಲ್ಲಿಸಿಬಿಟ್ಟೆ. ಕೇಪಿನಲ್ಲಿ ಸೀಸ ಇರುತ್ತದೆ, ಧೂಳು ಮಗುವಿನ ಮೂಗಿಗೆ ಹೋಗುವುದು ಬೇಡ ಎಂದು. ವರ್ನ್‌ಗೆ ನಗು.

"ನಮ್ಮಪ್ಪ ಆ ಧೂಳಲ್ಲೇ ಕೂತು ಕಾಫಿ ಕುಡೀತಿದ್ದ. ಎಂಬತ್ತೊಂದು ವರ್ಷ ಬದುಕಿದ."

"ಬದುಕಿದ, ಸರಿ. ಒಂದು ದಿನ ನೆಟ್ಟಗೆ ಮಾತಾಡಿದ್ದುಂಟಾ ನಿಮ್ಮಪ್ಪ?" ಎಂದೆ.

ಸೆಪ್ಟೆಂಬರ್ 25, ಬುಧವಾರ

ಜುನಿಯ ಎರಡೂವರೆ ವರ್ಷದ ಚೆಕಪ್. ಬೆರಳು ಚುಚ್ಚಿದರು. ಅದು ತಪ್ಪಿರಬೇಕು ಎಂದು ತೋಳಿನಿಂದಲೂ ರಕ್ತ ತೆಗೆದರು. ತಪ್ಪಿರಲಿಲ್ಲ.

ಮೂವತ್ತೊಂದು. ರಕ್ತದಲ್ಲಿ ಸೀಸ ಮೂರೂವರೆ ದಾಟಬಾರದಂತೆ.

"ಮನೇಲಿ ಬೇಟೆ, ಕೋವಿ, ಆ ಥರ ಏನಾದ್ರೂ...?" ಎಂದು ಕೇಳಿದಳು ಡಾಕ್ಟರ್. ಚಿಕ್ಕ ವಯಸ್ಸಿನವಳು, ಮೊಂಟಾನಾಕ್ಕೆ ಹೊಸಬಳು.

"ಈ ಊರಲ್ಲಿ ಕೋವಿ ಇಲ್ಲದ ಮನೆ ಒಂದು ತೋರಿಸಿ ನೋಡೋಣ ಡಾಕ್ಟ್ರೇ." ನಕ್ಕೆ. ಅವಳು ನಗಲಿಲ್ಲ.

ಮಾತು ಯಾಕೆ ಹಿಂದೆ ಬಿದ್ದಿದೆ ಎನ್ನುವುದಕ್ಕೂ ಇದೇ ಕಾರಣ ಇರಬಹುದಂತೆ. ಜುನಿಗೆ ಹನ್ನೆರಡು ಮಾತು ಬರುತ್ತದೆ. ಹಾಲು, ನಾಯಿ, ಬೇಡ, ಟ್ರಕ್... ಪಕ್ಕದ ಮನೆಯ ಅದೇ ವಯಸ್ಸಿನ ಹುಡುಗಿ ಚರ್ಚಿನ ಹಾಡು ಪೂರ್ತಿ ಹೇಳುತ್ತಾಳೆ.

"ಸೀಸ ಇಳಿದ್ರೆ ಸರಿಹೋಗುತ್ತಲ್ವಾ?"

"ರಕ್ತದಿಂದ ಇಳಿಯುತ್ತೆ. ಮಿದುಳಿಗೆ ಆಗಿರೋದು ವಾಪಸ್ ಸರಿಹೋಗುತ್ತೆ ಅಂತ ನಾನು ಹೇಳಲಾರೆ. ಇನ್ನು ಮುಂದೆ ಸೇರದ ಹಾಗೆ ನೋಡ್ಕೊಳ್ಳಿ. ಹೊಟ್ಟೆ ಖಾಲಿ ಬಿಡಬೇಡಿ. ಕಬ್ಬಿಣದ ಅಂಶ ಇರೋದು ಕೊಡಿ."

ಜುನಿ ದಾರಿಯುದ್ದಕ್ಕೂ ಕಾರಿನಲ್ಲಿ ನಿದ್ದೆ ಮಾಡಿದಳು. ನಾನು ಎರಡು ಸಲ ಗಾಡಿ ನಿಲ್ಲಿಸಿ ಅತ್ತೆ.

ಸೆಪ್ಟೆಂಬರ್ 27

ಎಲ್ಲ ಬಂದ್. ಡಬ್ಬಿ, ಬಕೆಟ್, ವರ್ನ್‌ನ ಯಂತ್ರ — ಎಲ್ಲವೂ ಹಿಂದಿನ ಶೆಡ್ಡಿಗೆ. ಬೀಗದ ಕೈ ನನ್ನ ಕೊರಳಿನಲ್ಲಿ. ನೆಲ ಮೂರು ಸಲ ಒರೆಸಿದೆ. ಅವನ ಬೂಟು ಹೊರಗೆ, ಅವನ ಬಟ್ಟೆ ಬೇರೆ.

"ಬೇಟೆ ಶುರುವಾಗೋಕೆ ಇನ್ನೊಂದೇ ತಿಂಗಳು. ಇಡೀ ಕ್ಲಬ್ಬು ನನ್ನ ತೋಟಾ ನಂಬ್ಕೊಂಡಿದೆ ಕಣೇ" ಎಂದು ಗೊಣಗಿದ. ಆದರೆ ಬೂಟು ಬಿಚ್ಚಿ ಹೊರಗಿಟ್ಟವನು ಅವನೇ.

ಅಕ್ಟೋಬರ್ 5

ಕಾಕಂಬಿಯಲ್ಲಿ ಕಬ್ಬಿಣ ಇದೆಯಂತೆ. ಓಟ್ಸ್, ಒಣದ್ರಾಕ್ಷಿ, ಕಾಕಂಬಿ ಹಾಕಿ ಬಿಸ್ಕತ್ತು ಮಾಡಿದೆ. ನಾಲ್ಕು ತಿಂದಳು! ಕೆನ್ನೆ, ಕೈ, ಕೂದಲು ಎಲ್ಲ ಅಂಟು. ಇನ್ನು ದಿನಾ ಮಾಡುವುದೇ.

ಅಕ್ಟೋಬರ್ 24, ಗುರುವಾರ

ಮೂವತ್ತೆಂಟು.

ಇಳಿದಿಲ್ಲ. ಏರಿದೆ. ಡಾಕ್ಟರ್ ಮುಖ ಕೊಟ್ಟು ಮಾತಾಡಲಿಲ್ಲ. ಕೌಂಟಿಯ ಆರೋಗ್ಯ ಆಫೀಸಿಗೆ ತಿಳಿಸಲೇಬೇಕಂತೆ.

ಮನೆಗೆ ಬಂದವಳೇ ವರ್ನ್ ಮೇಲೆ ಹರಿಹಾಯ್ದೆ.

"ಎಲ್ಲಿ ಮಾಡ್ತಿದ್ದೀಯ ಹೇಳು. ಕ್ಲಬ್ಬಲ್ಲಾ?"

"ಎಲ್ಲೂ ಇಲ್ಲ. ದೇವರಾಣೆ."

"ನಿನ್ನ ಆಣೆಗಿಷ್ಟು ಬೆಂಕಿ ಹಾಕ. ಬೇಟೆ ಕಂಡ್ರೆ ನಿಂಗೆ ಹೆಂಡ್ತಿನೂ ಬೇಡ, ಮೊಮ್ಮಗಳೂ ಬೇಡ. ಆ ಕೈಯಲ್ಲೇ ಬಂದು ಎತ್ಕೊಳ್ತೀಯಲ್ಲ ಅವಳನ್ನ!"

"ಆರ್ಡಿಸ್, ನಾನು ಒಂದು ತೋಟಾನೂ ಮುಟ್ಟಿಲ್ಲ ಕಣೇ."

"ಹಾಗಾದ್ರೆ ಸೀಸ ಆಕಾಶದಿಂದ ಉದುರ್ತಾ?"

ಅವನ ಕಣ್ಣಲ್ಲಿ ನೀರು. ಮೂವತ್ತನಾಲ್ಕು ವರ್ಷದಲ್ಲಿ ಅವನು ಅಳುವುದನ್ನು ನೋಡಿರಲಿಲ್ಲ. ಎರಡು ಜೊತೆ ಬಟ್ಟೆ ಚೀಲಕ್ಕೆ ತುಂಬಿಕೊಂಡು ತಮ್ಮನ ಮನೆಗೆ ಹೋದ. ಹೋಗಲಿ. ಪೀಡೆ ತೊಲಗಿತು. ಇನ್ನು ಇಳಿಯುತ್ತದೆ.

ಅಕ್ಟೋಬರ್ 26

ಬೇಟೆ ಶುರು. ಬೆಳಗಿನಿಂದ ಗುಡ್ಡದ ಕಡೆ ಗುಂಡಿನ ಸದ್ದು. ಜುನಿ ಪ್ರತಿ ಸದ್ದಿಗೂ ಬಾಗಿಲು ನೋಡುತ್ತಾಳೆ. ತಾತ ಬಂದ ಎಂದುಕೊಳ್ಳುತ್ತಾಳೋ ಏನೋ. ಕೇಳಿದರೆ ಹೇಳುವುದಿಲ್ಲ.

ನವೆಂಬರ್ 9

ಇವತ್ತು ಕೂತು ಎಣಿಸಿದೆ. ಐದು ಮಾತು ಉಳಿದಿವೆ. ಹಾಲು ಎನ್ನುವುದು ಹೋಯಿತು. ಫ್ರಿಜ್ ಬಾಗಿಲು ಬಡಿಯುತ್ತಾಳೆ. ಹೊಟ್ಟೆ ನೋವು ಎಂದು ಮುದುಡಿ ಮಲಗುತ್ತಾಳೆ. ಅನ್ನುವುದು ನಾನು, ಅವಳಲ್ಲ. ಬೇರೇನೂ ಸೇರುತ್ತಿಲ್ಲ, ಬಿಸ್ಕತ್ತು ಒಂದೇ. ಅದಾದರೂ ತಿನ್ನಲಿ ಎಂದು ಎರಡು ಹೊತ್ತು ಮಾಡುತ್ತಿದ್ದೇನೆ.

ಶೆಲ್ಬಿಗೆ ಏನೂ ಹೇಳಿಲ್ಲ. ಪ್ರತಿ ಭಾನುವಾರ ನಾಲ್ಕಕ್ಕೆ ಜೈಲಿನಿಂದ ಫೋನ್ ಮಾಡುತ್ತಾಳೆ. ಮಗು ಮಲಗಿದೆ ಎನ್ನುತ್ತೇನೆ.

ನವೆಂಬರ್ 12, ಮಂಗಳವಾರ

ಕೌಂಟಿಯಿಂದ ಗ್ರೆಚೆನ್ ಎನ್ನುವವಳು ಬಂದಳು. ಕೈಯಲ್ಲಿ ಹತ್ತಿ ಸುತ್ತಿದ ಕಡ್ಡಿಗಳು. ಒರೆಸಿದ ಕಡೆ ಸೀಸ ಇದ್ದರೆ ಹತ್ತಿ ಕೆಂಪಾಗುತ್ತದೆ. ವರ್ನ್ ಬಿಟ್ಟುಹೋದ ಬೂಟು ತೋರಿಸಿದೆ, ಅವನ ಕುರ್ಚಿ ತೋರಿಸಿದೆ, ಅವನ ಕೋಟು ತೋರಿಸಿದೆ. ಬಿಳಿ. ಬಿಳಿ. ಬಿಳಿ.

"ಇನ್ನೊಂದ್ಸಲ ನೋಡಿ" ಎಂದೆ. ಇನ್ನೊಂದು ಸಲವೂ ಬಿಳಿ.

ಸಿಂಕಿನ ಅಂಚು ಒರೆಸಿದಳು. ಕೆಂಪು. ಗೋಡೆಗೆ ನೇತುಹಾಕಿದ್ದ ಜರಡಿ — ಬೆಂದ ಆಲೂಗೆಡ್ಡೆಯ ನೀರು ಬಸಿಯುವುದೂ ಅದರಲ್ಲೇ — ಕೆಂಪು. ಓವನ್ ತೆಗೆದಳು. ಟ್ರೇ ಮೇಲೆ ಒಂಬತ್ತು ಬಿಸ್ಕತ್ತು ಇದ್ದವು, ಇನ್ನೂ ಬಿಸಿ. ಒಂದನ್ನು ಸರಿಸಿ ಕೆಳಗೆ ಒರೆಸಿದಳು.

ಅದೂ ಕೆಂಪು.

"ಈ ಟ್ರೇನಲ್ಲಿ ಬೇರೇನಾದ್ರೂ ಇಡ್ತಿದ್ರಾ ಅಮ್ಮಾ?"

"ತೋಟಾ ಒಣಗಿಸ್ತಿದ್ದೆ... ತೊಳೆದಿದ್ದು. ಚೆನ್ನಾಗಿ ತೊಳೆದಿದ್ದು."

"ಬಿಸ್ಕತ್ತು ಯಾರಿಗೆ?"

ಜುನಿಯೇ ಬಂದು ಒಂದಕ್ಕೆ ಕೈ ಹಾಕಿದಳು. ಗ್ರೆಚೆನ್ ಮೆಲ್ಲಗೆ ಕೈ ಹಿಡಿದುಕೊಂಡಳು. ಜುನಿ ಕಿರುಚಿದಳು. "ಬೇಡ" — ಉಳಿದ ಐದರಲ್ಲಿ ಒಂದು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಎಷ್ಟು ಜನರಿಗೆ ಬುದ್ಧಿ ಹೇಳಿದ್ದೇನೆ. ಧೂಳಿಗೆ ಹೆದರಿದೆ. ನೀರಿಗೆ ಹಾಕಿದರೆ ಸೀಸ ಸಾಯುತ್ತದೆ ಎಂದುಕೊಂಡೆ. ಹೊಳೆದರೆ ಶುದ್ಧ ಎಂದುಕೊಂಡೆ. ನಾನೇ. ಎರಡು ಹೊತ್ತು. ನನ್ನ ಈ ಕೈಯಾರೆ. ಮುದ್ದು ಮಾಡಿ, ತಿನ್ನು ತಿನ್ನು ಎಂದು.

ನವೆಂಬರ್ 13

ವರ್ನ್‌ಗೆ ಫೋನ್ ಮಾಡಿದೆ.

"ನಾನೇ ಕಣೋ. ಓವನ್ನು. ಟ್ರೇ."

ನಾಲ್ಕು ಬೈದಿದ್ದರೆ ಚೆನ್ನಾಗಿತ್ತು. "ಒಲೆ ಹಚ್ಚಬೇಡ. ಬರ್ತಾ ಸ್ಯಾಂಡ್‌ವಿಚ್ ತರ್ತೀನಿ" ಎಂದ.

ನವೆಂಬರ್ 15, ಶುಕ್ರವಾರ

ನಲವತ್ತಾರು. ಬಿಲಿಂಗ್ಸ್ ಊರಿನ ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು ಸೀಸ ಇಳಿಸುತ್ತಾರಂತೆ. ಅಲ್ಲಿಂದ ಬೇರೆ ಮನೆಗೆ. ಗಂಡ ಹೆಂಡತಿ, ಶಾಲಾ ಮಾಸ್ತರರು, ಕೋವಿ ಇಲ್ಲದವರು. ಅಂಥವರೂ ಇದ್ದಾರೆ ಅನ್ನು.

ಸಹಿ ಹಾಕಿದೆ. ಹಾಕದೆ ಏನು ಮಾಡಲಿ? ಗ್ರೆಚೆನ್ ಕಾರಿನಲ್ಲಿ ಬೆಲ್ಟು ಕಟ್ಟುವಾಗ ಜುನಿ ಅಳಲೂ ಇಲ್ಲ, ನನ್ನ ಕಡೆ ನೋಡಲೂ ಇಲ್ಲ. ಬೆಲ್ಟಿನ ಗುಂಡಿ ಒತ್ತಿ ಒತ್ತಿ ಆಡುತ್ತಿದ್ದಳು.

"ಮತ್ತೆ ಕೊಡ್ತೀರಾ?" ಎಂದು ವರ್ನ್ ಕೇಳಿದ.

"ಮಾರ್ಚಲ್ಲಿ ತಾಯಿ ಜೈಲಿಂದ ಬರ್ತಾರಲ್ಲ, ಆಮೇಲೆ ಜಡ್ಜ್ ನೋಡ್ತಾರೆ. ತಾಯಿಗೆ ಸೋಮವಾರ ನಮ್ಮ ಕಾಗದ ಹೋಗುತ್ತೆ. ಅದಕ್ಕೆ ಮುಂಚೆ ನೀವೇ ಹೇಳಿದ್ರೆ ಒಳ್ಳೇದು."

ಮಧ್ಯಾಹ್ನ ವರ್ನ್ ಓವನ್ ಕಿತ್ತು ಅಂಗಳಕ್ಕೆ ಎಳೆದು ಹಾಕಿದ. ಈಗ ಕಿತ್ತು ಯಾವ ಪುರುಷಾರ್ಥಕ್ಕೆ?

ನವೆಂಬರ್ 17, ಭಾನುವಾರ, ಸಂಜೆ 4:40

ಶೆಲ್ಬಿಗೆ ಹೇಳಿದೆ. ಮುಚ್ಚುಮರೆಯಿಲ್ಲದೆ ಎಲ್ಲ. ಮೂವತ್ತೊಂದು, ಮೂವತ್ತೆಂಟು, ನಲವತ್ತಾರು. ಬಿಸ್ಕತ್ತು. ಹೋದ ಮಾತುಗಳು ಬಹುಶಃ ಬರುವುದಿಲ್ಲ ಎಂದು ಡಾಕ್ಟರ್ ಅಂದದ್ದೂ. ಬೈಯುತ್ತಾಳೆ, ಫೋನ್ ಕುಕ್ಕುತ್ತಾಳೆ ಎಂದುಕೊಂಡಿದ್ದೆ. ಅವಳ ಸಿಟ್ಟು ಗೊತ್ತಲ್ಲ.

ಬೈಯಲಿಲ್ಲ, ಅಳಲೂ ಇಲ್ಲ. ಹಿಂದಿನಿಂದ ಯಾರೋ ಬೇಗ ಮುಗಿಸು ಎಂದು ಕೂಗುತ್ತಿದ್ದರು.

"ಅಮ್ಮಾ, ನಾನು ಚಿಕ್ಕೋಳಿದ್ದಾಗ?"

"ಏನು ಮರೀ?"

"ಮೂರನೇ ಕ್ಲಾಸಲ್ಲಿ ಎರಡು ವರ್ಷ ಕೂತೆನಲ್ಲ. ಒಂದು ಕಡೆ ಕೂರಕ್ಕಾಗಲ್ಲ, ಕೈ ಮುಂದೆ ಬುದ್ಧಿ ಹಿಂದೆ ಅಂತ ಟೀಚರು, ಪಾದ್ರಿ, ಜಡ್ಜು ಎಲ್ರೂ ಅಂದ್ರಲ್ಲ. ನೀನೂ ಅಂದೆ. ಆವಾಗ ಆ ಡಬ್ಬಿ ಇರ್ಲಿಲ್ಲ. ತೋಟಾ ಎಲ್ಲಿ ಒಣಗಿಸ್ತಿದ್ದೆ?"

ಆಗ ವಿನಿಗರ್‌ನಲ್ಲಿ ಕುದಿಸುತ್ತಿದ್ದೆ. ಸಾರು ಮಾಡುವ ಪಾತ್ರೆಯಲ್ಲಿ. ಆಮೇಲೆ...

"ಓವನ್ನಲ್ಲೇ" ಎಂದೆ.

ಜೈಲಿನವರು ಕೊಡುವ ಸಮಯದಲ್ಲಿ ಇನ್ನೂ ನಾಲ್ಕು ನಿಮಿಷ ಉಳಿದಿತ್ತು. ಇಬ್ಬರೂ ಫೋನ್ ಇಡಲಿಲ್ಲ. ಅವಳು ಉಸಿರಾಡುವುದು ಕೇಳಿಸುತ್ತಿತ್ತು, ಅಷ್ಟೇ. ಕೊನೆಗೆ ಒಂದೇ ಮಾತು ಕೇಳಿದಳು — ನಂದೂ ರಕ್ತ ಟೆಸ್ಟ್ ಮಾಡಿಸ್ಲಾ ಅಮ್ಮಾ, ಇಷ್ಟು ವರ್ಷ ಆದ್ಮೇಲೂ ಗೊತ್ತಾಗು... ಅಷ್ಟರಲ್ಲಿ ಸಮಯ ಮುಗಿದು ಲೈನು ಕಡಿದುಹೋಯಿತು.