ಅಮ್ಮನ ಎಡಗೆನ್ನೆ

ಊರಿಗಾಂ
೧೪-೩-೨೦೨೫, ಶುಕ್ರವಾರ

ಪ್ರೀತಿಯ ಅಂಬಿಕ,

ಹೇಗಿದ್ದೀಯೇ? ನಿನ್ನ ಮಗಳು ನವ್ಯಳಿಗೆ ಹಲ್ಲು ಬಂತಾ? ನೀನು ಮೂರು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ಬೈಯಬೇಡ. ನಮ್ಮದು ಗಣಿಯವರು ಸಾಲಾಗಿ ಕಟ್ಟಿಸಿದ ಒಂದೇ ಕೋಣೆಯ ಲೈನ್ ಮನೆ. ಅಮ್ಮನ ಕಿವಿಗೆ ಬೀಳದಂತೆ ಮಾತಾಡಲು ಜಾಗವಿಲ್ಲ. ಹೊರಗೆ ನಿಂತು ಮಾತಾಡಿದರೆ ಬೀದಿಯಲ್ಲೇ ಅತ್ತುಬಿಡುತ್ತೇನೆ. ಅದಕ್ಕೇ ಈ ಕಾಗದ. ದಿನಾ ರೈಲಿನಲ್ಲಿ ಬೆಂಗಳೂರಿಗೆ ಓಡಾಡುವ ಚಲಪತಿ ಮಾವ ಇದರ ಜೊತೆ ಒಂದು ಚಿಕ್ಕ ಬಾಟಲಿಯನ್ನೂ ನಿನ್ನ ಲ್ಯಾಬಿಗೆ ತಂದುಕೊಡುತ್ತಾರೆ. ಮೇಲೆ 'ಮುನಿಲಕ್ಷ್ಮಿ, ೫೧' ಎಂದಿದೆ. ಹೌದು, ನಮ್ಮಮ್ಮನೇ.

ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ನನಗೆ ಸರ್ಕಾರಿ ದಂತವೈದ್ಯರ ನೇಮಕಾತಿ ಪರೀಕ್ಷೆ. ಪೆಥಾಲಜಿ, ಮೈಕ್ರೋಬಯಾಲಜಿ ನನಗೆ ಮೊದಲಿಂದಲೂ ಕಬ್ಬಿಣದ ಕಡಲೆ, ನಿನಗೆ ಗೊತ್ತಲ್ಲ. ಬ್ಯಾಕ್ಟೀರಿಯಾಗಳ ಹೆಸರು ಬೆಳಿಗ್ಗೆ ತಲೆಗೆ ಹೋದರೆ ಸಂಜೆಗೆ ಮಂಗಮಾಯ. ಅದಕ್ಕೊಂದು ಉಪಾಯ ಹೂಡಿದ್ದೆ. ಅಮ್ಮ ಬೇತಮಂಗಲದ ಟೊಮ್ಯಾಟೊ ತೋಟದಲ್ಲಿ ಕೂಲಿ ಮುಗಿಸಿ ಬಂದ ಕೂಡಲೇ ಬಾಯಿ ತೊಳೆಸಿ, ಬಾಗಿಲಲ್ಲಿ ಕೂರಿಸಿ, ಟಾರ್ಚ್ ಬಿಟ್ಟು ಒಸಡು, ನಾಲಿಗೆ, ಕೆನ್ನೆ ನೋಡುತ್ತ ಪಾಠ ಒಪ್ಪಿಸುವುದು. ಅಮ್ಮನಿಗೆ ಅದೆಷ್ಟು ಜಂಬ! "ನನ್ ಬಾಯೇ ನಮ್ ಶ್ಯಾಮಲಾಗೆ ಬುಕ್ಕು ಕಣಕ್ಕಾ," ಎಂದು ಬೀದಿಗೆಲ್ಲ ಸಾರಿದ್ದಾಳೆ.

ಎಡಗೆನ್ನೆಯ ಒಳಗೆ ಬಿಳಿ ಮಚ್ಚೆ ಇದೆ, ಅಂಬಿಕ. ಕೆರೆದರೆ ಹೋಗುವುದಿಲ್ಲ. ಅಂಚು ಗಟ್ಟಿ, ನಡುವೆ ಕೆಂಪು. ಇಪ್ಪತ್ತು ವರ್ಷದಿಂದ ಹೊಗೆಸೊಪ್ಪು ಒತ್ತರಿಸುವ ಜಾಗವೇ ಅದು. ಬಿಡು ಎಂದಾಗಲೆಲ್ಲ, "ಒಟ್ಟೆ ಅಸ್ದಿದ್ದು ಗೊತ್ತಾಗಕಿಲ್ಲ, ಸುಮ್ನಿರಮ್ಮಿ," ಎನ್ನುತ್ತಿದ್ದಳು. ಈ ವಾರ ಸಾರು ಮುಟ್ಟದೆ ಮಜ್ಜಿಗೆಯಲ್ಲೇ ಮುದ್ದೆ ನುಂಗಿದ್ದು ನೋಡಿ, ಪುಸ್ತಕ ಬದಿಗಿಟ್ಟು ಮತ್ತೆ ಟಾರ್ಚ್ ಬಿಟ್ಟೆ.

ನಿನ್ನೆ ನಾನು ಕೆಲಸ ಮಾಡುವ ಬಂಗಾರಪೇಟೆಯ ಕ್ಲಿನಿಕ್ಕಿಗೆ ಕರೆದೊಯ್ದು ನಮ್ಮ ಡಾಕ್ಟರ ಕೈಯಲ್ಲಿ ಆ ಮಚ್ಚೆಯ ಚೂರು ತೆಗೆಸಿದೆ. ಬಾಟಲಿಯಲ್ಲಿರುವುದು ಅದೇ. ಅಮ್ಮನಿಗೆ ಏನು ಹೇಳಲಿ? ನನ್ನ ಪರೀಕ್ಷೆಗೆ ಬೇಕು ಎಂದುಬಿಟ್ಟೆ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದೂ ಆ ಸುಳ್ಳಿನ ಮೇಲೆಯೇ. ಹೊಲಿಗೆ ಹಾಕುವಾಗ ಅಮ್ಮ ಮಿಸುಕಲಿಲ್ಲ. ಹೊರಗೆ ಬಂದು ಮರಗಟ್ಟಿದ ಬಾಯಲ್ಲೇ, "ಸಾಕಾ? ಇನ್ನೊಂದ್ ಚೂರ್ ಬೇಕಾದ್ರೂ ತಕ್ಕೊ. ಪಾಸಾಗ್ಬೇಕು ನೀನು," ಎಂದಳು.

ಸ್ಲೈಡನ್ನು ನೀನೇ ನೋಡೇ, ಬೇರೆಯವರಿಗೆ ಬಿಡಬೇಡ. ಏನಿದ್ದರೂ ಅವತ್ತೇ ತಿಳಿಸು. ನನ್ನ ಪರೀಕ್ಷೆ ಮುಗಿಯಲಿ ಎಂದು ಮಾತ್ರ ಕಾಯಬೇಡ.

ನವ್ಯಳಿಗೆ ನನ್ನ ಮುತ್ತು. ನಿನ್ನ ಮನೆ ತಣ್ಣಗಿರಲಿ.

ನಿನ್ನ,
ಶ್ಯಾಮಲಾ

ತಾ.ಕ.: ಕಾಯಬೇಡ ಎಂದೆನಲ್ಲ, ಯಾಕೆಂದು ಹೇಳಿಬಿಡುತ್ತೇನೆ. ಆ ಮಚ್ಚೆಯನ್ನು ನಾನು ಮೊದಲು ನೋಡಿದ್ದು ಈ ವಾರವಲ್ಲ, ಡಿಸೆಂಬರ್ ಎಂಟರಂದು. ಆಗ ರಾಗಿಕಾಳಿನಷ್ಟಿತ್ತು. ಅಮ್ಮನೇ ಬೆರಳಿಟ್ಟು, "ಇಲ್ಲಿ ಕಾರ ತಗುಲಿದ್ರೆ ಉರೀತದೆ," ಎಂದಿದ್ದಳು. ನಾನು ನೋಟ್ಸಿನಲ್ಲಿ ಅದರ ಚಿತ್ರ ಬರೆದುಕೊಂಡೆ. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ನನ್ನದೇ ಅಕ್ಷರ: 'ಮುಖ್ಯ ಪ್ರಶ್ನೆ.' ಅಮ್ಮನಿಗೆ, "ಪರೀಕ್ಷೆ ಆಗ್ಲಿ, ನೋಡೋಣ," ಅಂದೆ. "ಆಯ್ತು ಕಣಮ್ಮಾ, ನೀನ್ ಓದ್ಕೊ," ಎಂದು ಬಾಯಿ ಮುಚ್ಚಿಕೊಂಡಳು.